ಗಲ್ಫ್‌ನಲ್ಲಿ ಕಾಗದ ಕೆಟ್ಟ ಕೆಲಸಗಾರರು: ಪದೇ ಪದೇ ಕೇಳುವ ಪ್ರಶ್ನೆಗಳು

ಸೌದಿ, ಯುಎಇ, ಕುವೈತ್, ಕತಾರ್, ಒಮಾನ್, ಬಹ್ರೇನ್. ಈ ಆರು ದೇಶಗಳಲ್ಲಿ ಸುಮಾರು 90 ಲಕ್ಷ ಭಾರತೀಯರಿದ್ದಾರೆ. ಉಡುಪಿ, ಮಂಗಳೂರು, ಭಟ್ಕಳದ ಕಡೆಯವರಿಗೆ ಇದು ಹೊಸ ವಿಷಯ ಏನಲ್ಲ. ಮನೆಗೊಬ್ಬರಲ್ಲದಿದ್ದರೂ ಓಣಿಗೊಬ್ಬರಾದರೂ ಅಲ್ಲಿದ್ದಾರೆ. ಜಾಸ್ತಿ ಜನ ಕಾಗದಪತ್ರ ಸರಿಯಿಟ್ಟುಕೊಂಡೇ ದುಡಿಯುತ್ತಾರೆ. ಕೆಲವರ ಕಾಗದ ನಡುವೆ ಕೆಡುತ್ತದೆ. ಅಂಥವರ ಮನೆಯವರಿಗೆ ಅರ್ಜಿ, ಪತ್ರ ಬರೆದುಕೊಡುವ ಕೆಲಸಕ್ಕೆ ನಾನೂ ಆಗಾಗ ಕೈ ಜೋಡಿಸುತ್ತೇನೆ. ಅಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಗಳು ಇಲ್ಲಿವೆ. ನಿಯಮಗಳು ಒಂದೊಂದು ದೇಶಕ್ಕೆ ಒಂದೊಂದು ಥರ, ಬದಲಾಗುತ್ತಲೂ ಇರುತ್ತವೆ. ನಿಮ್ಮ ವಿಷಯಕ್ಕೆ ಬಂದಾಗ ಭಾರತೀಯ ರಾಯಭಾರ ಕಚೇರಿಯಲ್ಲಿ ಇನ್ನೊಮ್ಮೆ ಕೇಳಿಕೊಳ್ಳಿ.

ವೀಸಾ ಹಿಡಿದೇ ವಿಮಾನ ಹತ್ತಿದವರು ಕಾಗದ ಇಲ್ಲದವರು ಹೇಗಾಗುತ್ತಾರೆ?

ಅಮೆರಿಕ, ಯುರೋಪಿನ ಸುದ್ದಿ ನೋಡಿ ನೋಡಿ ನಮ್ಮ ತಲೆಯಲ್ಲಿ ಬೇಲಿ ಹಾರುವವರ ಚಿತ್ರ ಕೂತುಬಿಟ್ಟಿದೆ. ಗಲ್ಫ್‌ನಲ್ಲಿ ಕತೆ ಬೇರೆ. ಅಲ್ಲಿ ಸಿಕ್ಕಿಬೀಳುವ ನಮ್ಮವರಲ್ಲಿ ಬಹಳಷ್ಟು ಜನ ಬಜ್ಪೆಯಿಂದಲೋ ಮುಂಬೈಯಿಂದಲೋ ವೀಸಾ ಸಮೇತ ಹೋಗಿ ಇಳಿದವರೇ. ಕಾಗದ ಕೆಡುವುದು ಆಮೇಲೆ.

ಮಾಲೀಕ ಇಕಾಮಾ, ಅಂದರೆ ಅಲ್ಲಿ ವಾಸವಿರುವ ಪರವಾನಗಿ ಕಾರ್ಡು, ನವೀಕರಿಸುವುದಿಲ್ಲ. ಅಥವಾ ಕಂಪನಿಯೇ ಬಾಗಿಲು ಹಾಕುತ್ತದೆ. ಮೂರು ತಿಂಗಳು ಸಂಬಳ ಇಲ್ಲ ಅಂತ ಬೇರೆ ಕಡೆ ಕೆಲಸಕ್ಕೆ ಹೋದರೆ 'ಓಡಿಹೋದ' ಅಂತ ದೂರು ಬೀಳುತ್ತದೆ. ದುಬೈಗೆ ವಿಸಿಟ್ ವೀಸಾದಲ್ಲಿ ಹೋಗಿ, ಕೆಲಸ ಹುಡುಕುತ್ತಾ ಅವಧಿ ಮೀರಿದವರೂ ಇದ್ದಾರೆ. ಈ ಕೊನೆಯ ಗುಂಪನ್ನು ಬಿಟ್ಟರೆ, ಉಳಿದ ಯಾವುದೂ ಕೆಲಸಗಾರನ ಕೈಯಲ್ಲಿಲ್ಲ ಅನ್ನುವುದನ್ನು ಗಮನಿಸಿ. ನನ್ನ ಮಟ್ಟಿಗೆ ಇಡೀ ಸಮಸ್ಯೆಯ ಬೇರು ಇದೇ. ಕಾಗದ ಇರುವುದು ಮಾಲೀಕನ ಕೈಯಲ್ಲಿ, ಅದು ಕೆಟ್ಟರೆ ಶಿಕ್ಷೆ ಕೆಲಸಗಾರನಿಗೆ.

ಕಫೀಲ್ ಅಂದರೆ ಯಾರು?

ನಿಮ್ಮ ವೀಸಾಕ್ಕೆ ಹೊಣೆ ಹೊತ್ತವನು. ಅದು ಕಂಪನಿ ಇರಬಹುದು, ಒಂದು ಮನೆಯ ಯಜಮಾನನೂ ಇರಬಹುದು. ಈ ಪದ್ಧತಿಗೆ ಕಫಾಲಾ ಅನ್ನುತ್ತಾರೆ. ನೀವು ಆ ದೇಶದಲ್ಲಿರುವ ಹಕ್ಕು ಅವನೊಬ್ಬನಿಗೆ ಗಂಟು ಬಿದ್ದಿರುತ್ತದೆ. ಕೆಲಸ ಬಿಟ್ಟರೆ ದೇಶವನ್ನೂ ಬಿಡಬೇಕಾಗುತ್ತದೆ. ಹಾಗಾಗಿ ಬಯ್ಗುಳ, ಬಾಕಿ ಸಂಬಳ, ಎಲ್ಲವನ್ನೂ ನುಂಗಿಕೊಂಡು ಕೂರುತ್ತಾರೆ.

'ಫ್ರೀ ವೀಸಾ' ಅಂತಾರಲ್ಲ, ಅದಕ್ಕೆ ಯಾವ ಕಫೀಲೂ ಇಲ್ವಾ?

ಇದ್ದಾನೆ. ಫ್ರೀ ವೀಸಾ, ಆಜಾದ್ ವೀಸಾ ಅನ್ನುವುದು ಯಾವ ದೇಶದ ಕಾನೂನಿನಲ್ಲೂ ಇಲ್ಲ. ಒಬ್ಬ ಕಫೀಲ್ ದುಡ್ಡು ತೆಗೆದುಕೊಂಡು ತನ್ನ ಹೆಸರಿನಲ್ಲಿ ವೀಸಾ ತೆಗೆಸುತ್ತಾನೆ. 'ಎಲ್ಲಿ ಬೇಕಾದರೂ ದುಡಿ, ತಿಂಗಳಿಗೆ ಇಷ್ಟು ಕೊಡು' ಅನ್ನುತ್ತಾನೆ. ಬೇರೆಯವರ ಹತ್ತಿರ ದುಡಿದ ಮೊದಲ ದಿನದಿಂದಲೇ ನೀವು ನಿಯಮ ಮುರಿದ ಹಾಗೆ. ಅವನಿಗೆ ಕೋಪ ಬಂದ ದಿನ ಒಂದು ದೂರು ಕೊಟ್ಟರೆ ಮುಗಿಯಿತು.

ಒಂದು ಉದಾಹರಣೆ ಹೇಳುತ್ತೇನೆ. ಒಬ್ಬರು ತಾಯಿ ಪ್ಲಾಸ್ಟಿಕ್ ಕವರಿನಲ್ಲಿ ಮಗನ ಕಾಗದ ತಂದಿದ್ದರು. ಪಾಸ್‌ಪೋರ್ಟಿನ ಜೆರಾಕ್ಸ್, ವೀಸಾದ ಮಸುಕು ಪ್ರತಿ, ಏಜೆಂಟನ ವಿಸಿಟಿಂಗ್ ಕಾರ್ಡು. ಮಗ ರಿಯಾದಿನಲ್ಲಿ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ ಅಂತ ಅವರು ನಂಬಿದ್ದರು. ವೀಸಾದಲ್ಲಿ ಉದ್ಯೋಗದ ಜಾಗದಲ್ಲಿ ಅರಬ್ಬಿಯಲ್ಲಿ 'ಸಾಯಿಕ್ ಖಾಸ್' ಅಂತಿತ್ತು. ಅಂದರೆ ಮನೆಯ ಡ್ರೈವರ್. ಹುಡುಗನಿಗೆ ಡ್ರೈವಿಂಗ್ ಬರುವುದೇ ಇಲ್ಲ.

ಹಾಗ್ಯಾಕೆ ಮಾಡುತ್ತಾರೆ ಅಂದರೆ, ಸೌದಿಯಲ್ಲಿ ಕಂಪನಿ ಕೆಲಸಗಾರನ ಮೇಲೆ ಸರ್ಕಾರಕ್ಕೆ ಲೆವಿ ಅನ್ನುವ ದೊಡ್ಡ ಶುಲ್ಕ ಕಟ್ಟಬೇಕು. ಸಾಮಾನ್ಯ ಮನೆಯ ಡ್ರೈವರಿಗೆ ಅದು ಇಲ್ಲ. ವೀಸಾ ಅಗ್ಗ, ಮಾರಿದರೆ ಲಾಭ ಜಾಸ್ತಿ. ಆದರೆ ಮನೆಕೆಲಸದ ವೀಸಾ ಸಾಮಾನ್ಯ ಕಾರ್ಮಿಕ ಕಾನೂನಿನ ಹೊರಗೆ. ಮಾಲೀಕನನ್ನು ಬದಲಿಸಲು ಬಿಟ್ಟ 2021ರ ಸುಧಾರಣೆಗಳು ಕೂಡ ಇವರಿಗೆ ಅನ್ವಯಿಸಲಿಲ್ಲ. ಅಗ್ಗದ ವೀಸಾ ಅಂತ ಕೊಂಡವನಿಗೆ ರಕ್ಷಣೆಯೂ ಅಷ್ಟಕ್ಕಷ್ಟೇ.

ಇಕಾಮಾ ಮುಗಿದಿದ್ದರೆ ಕೆಲಸಗಾರನೇ ದುಡ್ಡು ಕಟ್ಟಿ ಮಾಡಿಸಿಕೊಳ್ಳಬಹುದಲ್ಲ?

ಸೌದಿಯಲ್ಲಿ ಕೆಲಸಗಾರ ತಾನಾಗಿ ನವೀಕರಿಸಲು ಬರುವುದಿಲ್ಲ, ಮಾಲೀಕನ ಖಾತೆಯಿಂದಲೇ ಆಗಬೇಕು. ಶುಲ್ಕ, ತಡವಾದರೆ ದಂಡ, ಎರಡೂ ಮಾಲೀಕನದೇ ಅಂತ ಅಲ್ಲಿನ ಕಾರ್ಮಿಕ ಕಾನೂನಿನ 40ನೇ ವಿಧಿ ಹೇಳುತ್ತದೆ.

ಲೆಕ್ಕ ನೋಡಿ. ಲೆವಿ 2018ರಲ್ಲಿ ತಿಂಗಳಿಗೆ 400 ರಿಯಾಲ್ ಇತ್ತು. 2019ರಲ್ಲಿ 600 ಆಯಿತು, 2020ರಲ್ಲಿ 800. ಸೌದಿ ನೌಕರರೇ ಹೆಚ್ಚಿರುವ ಕಂಪನಿಗೆ 700. ಕೆಲವು ವಲಯಗಳಿಗೆ, ತೀರಾ ಸಣ್ಣ ಉದ್ದಿಮೆಗಳಿಗೆ ರಿಯಾಯಿತಿ ಉಂಟು. ಉಳಿದವರಿಗೆ ವರ್ಷಕ್ಕೆ 9,600 ರಿಯಾಲ್, ಮೇಲೆ ಇಕಾಮಾ ಶುಲ್ಕ 650, ಅದರ ಮೇಲೆ ವಿಮೆ. ತಿಂಗಳಿಗೆ 1,500 ರಿಯಾಲ್ ಎಣಿಸುವವನಿಗೆ ಇದು ಹತ್ತಿರ ಹತ್ತಿರ ಏಳು ತಿಂಗಳ ಸಂಬಳ. ವ್ಯಾಪಾರ ಬಿದ್ದ ಮಾಲೀಕ ಮೊದಲು ನಿಲ್ಲಿಸುವ ಖರ್ಚೇ ಇದು. 'ಇಂದು ಮಾಡ್ತೇನೆ, ನಾಳೆ ಮಾಡ್ತೇನೆ' ಅನ್ನುವಷ್ಟರಲ್ಲಿ ಇಕಾಮಾ ಮುಗಿದು ಆರು ತಿಂಗಳಾಗಿರುತ್ತದೆ. ಕೆಲವರು ಆ ದುಡ್ಡನ್ನು ಕೆಲಸಗಾರನ ಸಂಬಳದಿಂದಲೇ ಕತ್ತರಿಸುತ್ತಾರೆ. ಕಾನೂನಿಗೆ ವಿರುದ್ಧ, ಆದರೆ ನಡೆಯುತ್ತದೆ.

ಹುರೂಬ್ ಬಿತ್ತು ಅಂತಾರೆ. ಏನದು?

ಕೆಲಸಗಾರ ಓಡಿಹೋಗಿದ್ದಾನೆ ಅಂತ ಕಫೀಲ್ ಕೊಡುವ ದೂರು. ಸೌದಿಯಲ್ಲಿ ಇದನ್ನು ಆನ್‌ಲೈನಿನಲ್ಲೇ ಹಾಕಬಹುದು. ಎಷ್ಟೋ ಸಲ ಸಂಬಳ ಕೇಳಿದ ಸಿಟ್ಟಿಗೆ ಹಾಕುತ್ತಾರೆ. ಕೆಲಸಗಾರ ಅದೇ ಕ್ಯಾಂಪಿನಲ್ಲಿ ಮಲಗಿದ್ದರೂ ಕಡತದಲ್ಲಿ ಪರಾರಿ.

2022ರ ಕೊನೆಯಲ್ಲಿ ಸೌದಿ ಇದನ್ನು ಸ್ವಲ್ಪ ಸಡಿಲಿಸಿತು. ಕಂಪನಿ ಕೆಲಸಗಾರನ ಕರಾರು ಹೀಗೆ ಮುರಿದರೆ, ಬೇರೆ ಮಾಲೀಕನ ಹತ್ತಿರ ಸೇರಲು ಇಲ್ಲವೇ ದೇಶ ಬಿಡಲು 60 ದಿನ ಸಿಗುತ್ತದೆ. ಒಳ್ಳೆಯದೇ. ಆದರೆ ಆ 60 ದಿನ ಶುರುವಾಗಿದೆ ಅಂತ ಕೆಲಸಗಾರನಿಗೆ ಗೊತ್ತಾಗಬೇಕಲ್ಲ. ಇಕಾಮಾ ನಂಬರ್ ಹಾಕಿ ಸ್ಥಿತಿ ನೋಡುವ ವ್ಯವಸ್ಥೆ ಸರ್ಕಾರಿ ಜಾಲತಾಣಗಳಲ್ಲಿದೆ. ತಿಂಗಳಿಗೊಮ್ಮೆ ನೋಡುವ ಅಭ್ಯಾಸ ಮಾಡಿಕೊಳ್ಳಲು ನಿಮ್ಮವರಿಗೆ ಹೇಳಿ.

ಕಾಗದ ಇಲ್ಲದೆ ದಿನ ಹೇಗೆ ಕಳೆಯುತ್ತಾರೆ?

ಹೆದರಿಕೊಂಡು. ಗಲ್ಫ್‌ನಲ್ಲಿರುವ ನಮ್ಮವರ ಆಡುಮಾತಿನಲ್ಲಿ ಇವರಿಗೆ 'ಖಲ್ಲಿವಲ್ಲಿ' ಅಂತ ಹೆಸರು. ಅರಬ್ಬಿಯಲ್ಲಿ ಹೆಚ್ಚುಕಡಿಮೆ 'ಹೋಗ್ಲಿ ಬಿಡು' ಅನ್ನುವ ಮಾತದು.

ಊರಿಗೆ ದುಡ್ಡು ಕಳಿಸಲು ಎಕ್ಸ್‌ಚೇಂಜಿಗೆ ಹೋದರೆ ಚಾಲ್ತಿಯಲ್ಲಿರುವ ಗುರುತಿನ ಕಾರ್ಡು ಕೇಳುತ್ತಾರೆ. ರೂಮಿನವನ ಹೆಸರಿನಲ್ಲಿ ಕಳಿಸಬೇಕು, ಇಲ್ಲ ಹುಂಡಿ, ಅಂದರೆ ಬ್ಯಾಂಕಿಲ್ಲದೆ ದಲ್ಲಾಳಿಗಳ ಕೈಯಿಂದ ಕಳಿಸುವುದು. ಸಿಮ್ ಕಾರ್ಡು ಇನ್ನೊಬ್ಬರದು. ರೂಮು ಇನ್ನೊಬ್ಬರ ಹೆಸರಿನದು. ಜ್ವರ ಬಂದರೆ ಆಸ್ಪತ್ರೆಗೆ ಹೋಗುವುದಿಲ್ಲ, ಊರಿನಿಂದ ಯಾರಾದರೂ ಬರುವಾಗ ಮಾತ್ರೆ ತರಿಸಿಕೊಳ್ಳುತ್ತಾರೆ. ಸಕ್ಕರೆ ಕಾಯಿಲೆ, ಬಿಪಿ ಇರುವವರ ಪಾಡು ನೀವೇ ಯೋಚಿಸಿ. ಕೆಲಸಕ್ಕೆ ಕರೆದವನು ಅರ್ಧ ಕೂಲಿ ಕೊಟ್ಟರೂ ತೆಗೆದುಕೊಳ್ಳಬೇಕು, ಕೊಡದಿದ್ದರೂ ಸುಮ್ನಿರಬೇಕು. ಅವನಿಗೂ ಗೊತ್ತು, ಇವನು ಪೊಲೀಸರ ಹತ್ತಿರ ಹೋಗುವವನಲ್ಲ ಅಂತ.

ಚೆಕಿಂಗ್ ಇದೆ ಅಂತ ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜು ಬಂದರೆ ಅವತ್ತು ಕೆಲಸವೂ ಇಲ್ಲ, ಊಟ ತರಲು ಕೆಳಗಿಳಿಯುವುದೂ ಇಲ್ಲ. ರೂಮಿನ ಲೈಟು ಆರಿಸಿ ಕೂರುತ್ತಾರೆ. ಮನೆಗೆ ಫೋನು ಮಾಡಿದಾಗ ಮಾತ್ರ 'ಇವತ್ತು ರಜೆ ಮಾರಾಯ್ತಿ' ಅನ್ನುತ್ತಾರೆ.

ಇಷ್ಟು ಕಷ್ಟ ಇದ್ದರೆ ವಾಪಸ್ ಬರಬಹುದಲ್ಲ?

ಎಲ್ಲರೂ ಕೇಳುವ ಪ್ರಶ್ನೆ. ಬರುವುದಕ್ಕೂ ಕಾಗದ ಬೇಕು. ಮೊದಲು ಪಾಸ್‌ಪೋರ್ಟು. ಅದು ಇಲ್ಲದಿದ್ದರೆ ರಾಯಭಾರ ಕಚೇರಿ ಎಮರ್ಜೆನ್ಸಿ ಸರ್ಟಿಫಿಕೇಟು ಕೊಡುತ್ತದೆ. ಜನ ಅದಕ್ಕೆ ಔಟ್‌ಪಾಸ್ ಅನ್ನುತ್ತಾರೆ. ಅದೊಂದಿದ್ದರೆ ಸಾಲದು, ಆ ದೇಶದ ಎಕ್ಸಿಟ್ ಮುದ್ರೆಯೂ ಬೇಕು. ಅಲ್ಲಿ ದಂಡ ಎದುರಾಗುತ್ತದೆ. ಯುಎಇಯಲ್ಲಿ ಅವಧಿ ಮೀರಿದ ಪ್ರತಿ ದಿನಕ್ಕೆ 50 ದಿರ್ಹಮ್. ಒಂದು ವರ್ಷಕ್ಕೆ 18,250. ನಮ್ಮ ರೂಪಾಯಿಯಲ್ಲಿ 4 ಲಕ್ಷ ದಾಟುತ್ತದೆ. ಅಷ್ಟು ದುಡ್ಡಿದ್ದರೆ ಅವನು ಅಲ್ಲಿ ಯಾಕೆ ಅಡಗಿ ಕೂರುತ್ತಿದ್ದ?

ಸೌದಿಯಲ್ಲಿ ತರ್ಹೀಲ್, ಅಂದರೆ ಗಡೀಪಾರು ಕೇಂದ್ರದ ಮೂಲಕ ಬರಬಹುದು. ಬೆರಳಚ್ಚು ಕೊಟ್ಟು ಬರಬೇಕು, ಮತ್ತೆ ಹೋಗಲು ನಿರ್ಬಂಧ ಬೀಳುತ್ತದೆ. ಹೆಸರಿನ ಮೇಲೆ ಕಳ್ಳತನದ ಕೇಸೋ ಸಾಲದ ಕೇಸೋ ಇದ್ದರೆ ಅದು ಮುಗಿಯುವ ತನಕ ಬಿಡುವುದಿಲ್ಲ. ಇದೆಲ್ಲಕ್ಕಿಂತ ದೊಡ್ಡದು ಊರಿನ ಸಾಲ. ಏಜೆಂಟನಿಗೆ ಕೊಡಲು ಹೆಂಡತಿಯ ಬಂಗಾರ ಅಡವಿಟ್ಟು ಹೋದವನಿಗೆ ಬರಿಗೈಯಲ್ಲಿ ಬಸ್ಸಿಳಿಯುವುದು ಜೈಲಿಗಿಂತ ಕಷ್ಟ ಅನ್ನಿಸುತ್ತದೆ.

ಕ್ಷಮಾದಾನ ಬಂದಾಗ ಎಲ್ಲರೂ ಯಾಕೆ ಬರುವುದಿಲ್ಲ?

ಕ್ಷಮಾದಾನ ಅಂದರೆ ಆಮ್ನೆಸ್ಟಿ. ಇಂತಿಷ್ಟು ದಿನದೊಳಗೆ ಬಂದರೆ ದಂಡ ಮನ್ನಾ ಅಂತ ಸರ್ಕಾರ ಹೇಳುವುದು. ಸೌದಿ 2013ರಲ್ಲಿ ಕೊಟ್ಟಾಗ ಲಕ್ಷಕ್ಕೂ ಹೆಚ್ಚು ಭಾರತೀಯರು ವಾಪಸ್ ಬಂದರು. 2017ರಲ್ಲಿ ಮತ್ತೆ ಕೊಟ್ಟಿತು. ಕುವೈತ್ 2018ರಲ್ಲಿ, 2024ರಲ್ಲಿ ಕೊಟ್ಟಿತು. ಯುಎಇ 2024ರ ಸೆಪ್ಟೆಂಬರ್ 1ರಿಂದ ಎರಡು ತಿಂಗಳು ಕೊಟ್ಟು, ಡಿಸೆಂಬರ್ 31ರ ತನಕ ವಿಸ್ತರಿಸಿತು.

ಯುಎಇಯದ್ದು ನನಗೆ ಹಿಡಿಸಿತು. ದಂಡ ಇಲ್ಲ, ಹೋದವರು ಮತ್ತೆ ಬರಲು ನಿರ್ಬಂಧವೂ ಇಲ್ಲ. ಹೊಸ ಮಾಲೀಕ ಸಿಕ್ಕರೆ ಅಲ್ಲೇ ಕಾಗದ ಸರಿಮಾಡಿಕೊಂಡು ಉಳಿಯಬಹುದು. ಬೇರೆ ಕೆಲವು ಕಡೆ ಕ್ಷಮಾದಾನ ಅಂದರೆ ಬರೀ 'ಹೊರಡು' ಅಂತ. ಬಾಕಿ ಸಂಬಳದ ಮಾತೇ ಇಲ್ಲ. ಎರಡು ವರ್ಷದ ಸಂಬಳ ಬಿಟ್ಟು ಯಾರು ಹೊರಡುತ್ತಾರೆ? ನಾಲ್ಕೈದು ವರ್ಷಕ್ಕೊಮ್ಮೆ ಹೀಗೆ ಖಾಲಿ ಮಾಡಿಸಿದರೂ ಮತ್ತೆ ಅಷ್ಟೇ ಜನ ತುಂಬುತ್ತಾರೆ, ಯಾಕಂದರೆ ಕಾಗದ ಕೆಡಿಸುವ ಕಾರಣ ಹಾಗೇ ಇದೆ.

ಪಾಸ್‌ಪೋರ್ಟು ಕಂಪನಿಯವರು ಇಟ್ಟುಕೊಂಡಿದ್ದಾರೆ. ಅದು ಸರಿಯಾ?

ಅಲ್ಲ. ಸೌದಿ, ಯುಎಇ, ಕತಾರ್ ಮೂರೂ ಕಡೆ ಕಾನೂನಿಗೆ ವಿರುದ್ಧ. ಪಾಸ್‌ಪೋರ್ಟು ಭಾರತ ಸರ್ಕಾರದ ಸ್ವತ್ತು, ಕಂಪನಿಯದ್ದಲ್ಲ. ಕೊಡಲು ಹಟ ಮಾಡಿದರೆ ರಾಯಭಾರ ಕಚೇರಿಗೆ ಬರೆಯಿರಿ.

ಮನೆಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಬೇರೆ ನಿಯಮ ಇದೆಯಾ?

ಇದೆ. ಇಲ್ಲಿ ನಮ್ಮ ಸರ್ಕಾರದ ನಿಯಮವೇ ಒಂದು ತೊಡಕು.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ 'ಇಸಿಆರ್' ಅಂತ ಇರುತ್ತದೆ. ಅಂಥವರು ಗಲ್ಫ್ ಸೇರಿದಂತೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಲು ಪ್ರೊಟೆಕ್ಟರ್ ಆಫ್ ಎಮಿಗ್ರೆಂಟ್ಸ್ ಕಚೇರಿಯ ಅನುಮತಿ ಬೇಕು. ಇಸಿಆರ್ ಮಹಿಳೆಗೆ 30 ವರ್ಷ ತುಂಬಿರಬೇಕು. ಉದ್ದೇಶ ಒಳ್ಳೆಯದೇ, ಹುಡುಗಿಯರಿಗೆ ಮೋಸ ಆಗಬಾರದು ಅಂತ. ಆದರೆ 26 ವರ್ಷದ, ಮನೆಯಲ್ಲಿ ಒಲೆ ಉರಿಯದ ಹೆಂಗಸು ನಾಲ್ಕು ವರ್ಷ ಕಾಯುತ್ತಾಳಾ? ಏಜೆಂಟ್ ಅವಳನ್ನು ವಿಸಿಟ್ ವೀಸಾದಲ್ಲಿ ದುಬೈಗೆ ಕಳಿಸುತ್ತಾನೆ. ಅಲ್ಲಿಂದ ಒಮಾನಿಗೆ ದಾಟಿಸಿದ ಪ್ರಕರಣಗಳೂ ಇವೆ. ನಮ್ಮ ದಾಖಲೆಯಲ್ಲಿ ಅವಳು ಪ್ರವಾಸಿ. ಕರಾರಿಲ್ಲ, ವಿಮೆ ಇಲ್ಲ. ಬಾಗಿಲು ಮುಚ್ಚಿದರೆ ಜನ ನಿಲ್ಲುವುದಿಲ್ಲ, ಕಿಟಕಿಯಿಂದ ಹೋಗುತ್ತಾರೆ. ವಯಸ್ಸಿನ ಮಿತಿ ಇಳಿಸಿ, ಕರಾರು ಮತ್ತು ಮಾಲೀಕನ ಮನೆಯ ಮೇಲೆ ಬಿಗಿ ಮಾಡುವುದೇ ಸರಿ ಅಂತ ನನಗೆ ಅನ್ನಿಸುತ್ತದೆ.

ಕುವೈತಿನಲ್ಲಿ ಮನೆಕೆಲಸದವರಿಗೆ 2015ರಲ್ಲೇ ಪ್ರತ್ಯೇಕ ಕಾನೂನು ಬಂತು. ವಾರಕ್ಕೊಂದು ರಜೆ, ದಿನಕ್ಕೆ 12 ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ, ಕನಿಷ್ಠ 60 ದಿನಾರ್ ಸಂಬಳ. ಓದಲು ಚೆನ್ನಾಗಿದೆ. ಮುಚ್ಚಿದ ಮನೆಯೊಳಗೆ ಹೋಗಿ ನೋಡುವವರು ಯಾರು ಅನ್ನುವುದೇ ಪ್ರಶ್ನೆ.

ರಾಯಭಾರ ಕಚೇರಿಗೆ ಹೋದರೆ ಪೊಲೀಸರಿಗೆ ಹಿಡಿದುಕೊಡುತ್ತಾರಾ?

ಇಲ್ಲ. ಈ ಭಯದಲ್ಲೇ ಎಷ್ಟೋ ಜನ ವರ್ಷಗಟ್ಟಲೆ ಹೋಗುವುದಿಲ್ಲ. 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಅಂತ ಇದೆ. ತೀರಾ ಕೈಲಾಗದವರಿಗೆ ಉಳಿಯಲು ಜಾಗ, ವಿಮಾನದ ಟಿಕೆಟ್ಟು, ವಕೀಲರ ನೆರವು, ಕೆಲವು ಸಣ್ಣ ದಂಡ ಇದರಿಂದ ಕೊಡಬಹುದು. ಊರಿನಲ್ಲಿರುವವರು ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲಿನಲ್ಲಿ ದೂರು ದಾಖಲಿಸಬಹುದು. ಪಾಸ್‌ಪೋರ್ಟ್ ನಂಬರ್, ಕಫೀಲನ ಹೆಸರು, ಅವರಿರುವ ಊರು ಬರೆದರೆ ಕೆಲಸ ಬೇಗ ಆಗುತ್ತದೆ. 'ನನ್ನ ಮಗ ಕಷ್ಟದಲ್ಲಿದ್ದಾನೆ, ಕಾಪಾಡಿ' ಅಂತ ಮಾತ್ರ ಬರೆದರೆ ಅವರಾದರೂ ಎಲ್ಲಿ ಹುಡುಕಬೇಕು?

ಅಲ್ಲೇ ತೀರಿಕೊಂಡರೆ?

ಶವ ತರಿಸಬಹುದು. ಮನೆಯವರ ಒಪ್ಪಿಗೆ ಪತ್ರ ಬೇಕು, ಕಫೀಲನ ಕಡೆಯ ಕಾಗದಗಳೂ ಬೇಕಾಗುತ್ತವೆ. ಖರ್ಚು ಯಾರೂ ಕೊಡದಿದ್ದರೆ ಮೇಲೆ ಹೇಳಿದ ನಿಧಿಯನ್ನು ಕೇಳಬಹುದು.

2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕೆಲಸಗಾರರ ಕಟ್ಟಡಕ್ಕೆ ಬೆಂಕಿ ಬಿದ್ದು ಕನಿಷ್ಠ 45 ಭಾರತೀಯರು ಸತ್ತರು. ಕಲಬುರಗಿ ಜಿಲ್ಲೆಯ ಒಬ್ಬರೂ ಅದರಲ್ಲಿದ್ದರು. ಅವರೆಲ್ಲ ಒಂದೇ ಕಂಪನಿಯ ಕಟ್ಟಡದಲ್ಲಿದ್ದರು, ಹೆಸರಿನ ಪಟ್ಟಿ ಇತ್ತು. ಎರಡೇ ದಿನದಲ್ಲಿ ವಾಯುಪಡೆಯ ವಿಮಾನ ಶವಗಳನ್ನು ಕೊಚ್ಚಿಗೆ ತಂದಿತು. ಯಾವ ಪಟ್ಟಿಯಲ್ಲೂ ಇಲ್ಲದವನು ಸತ್ತರೆ, ಅವನು ಯಾರು ಅಂತ ತಿಳಿಯುವುದಕ್ಕೇ ವಾರಗಟ್ಟಲೆ ಹಿಡಿಯಬಹುದು.

ಕಫಾಲಾ ತೆಗೆದುಹಾಕಿದ್ದಾರೆ ಅಂತ ಓದಿದ್ದೆ. ನಿಜವಾ?

ಅರ್ಧ ನಿಜ. ಕತಾರ್ 2020ರಲ್ಲಿ ಹಳೆ ಮಾಲೀಕನ ಎನ್‌ಒಸಿ (ಒಪ್ಪಿಗೆ ಪತ್ರ) ಇಲ್ಲದೆ ಕೆಲಸ ಬದಲಿಸಲು ಬಿಟ್ಟಿತು. 2021ರ ಮಾರ್ಚಿನಿಂದ 1,000 ರಿಯಾಲ್ ಕನಿಷ್ಠ ವೇತನ ತಂದಿತು, ಊಟ, ವಸತಿ ಕೊಡದಿದ್ದರೆ ಅದರ ಮೇಲೆ 300 ಮತ್ತು 500. ಮನೆಕೆಲಸದವರನ್ನೂ ಸೇರಿಸಿತು, ಅದು ದೊಡ್ಡ ಮಾತು. ಸೌದಿ 2021ರ ಮಾರ್ಚಿನಲ್ಲಿ ಒಂದು ವರ್ಷ ದುಡಿದ ಮೇಲೆ ಮಾಲೀಕ ಬದಲಿಸುವ, ಅವನನ್ನು ಕೇಳದೆ ಊರಿಗೆ ಹೋಗಿಬರುವ ಅವಕಾಶ ಕೊಟ್ಟಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬಹ್ರೇನಿನ ಫ್ಲೆಕ್ಸಿ ಪರ್ಮಿಟ್. 2017ರಲ್ಲಿ ಶುರುವಾಯಿತು. ಕಾಗದ ಕೆಟ್ಟ ಕೆಲಸಗಾರ ಸರ್ಕಾರಕ್ಕೆ ತಾನೇ ಶುಲ್ಕ ಕಟ್ಟಿ, ಯಾವ ಕಫೀಲೂ ಇಲ್ಲದೆ, ಬೇಕಾದ ಕಡೆ ದುಡಿಯಬಹುದಿತ್ತು. ಏಜೆಂಟರು ಸುಳ್ಳೇ ಮಾರುವ ಫ್ರೀ ವೀಸಾವನ್ನು ಸರ್ಕಾರವೇ ನಿಜಮಾಡಿ ಕೊಟ್ಟ ಹಾಗೆ. ಶುಲ್ಕ ಜಾಸ್ತಿ ಅನ್ನುವ ದೂರಿತ್ತು. ಆದರೂ ದಾರಿ ಸರಿ ಇತ್ತು. ಅಲ್ಲಿನ ವ್ಯಾಪಾರಿಗಳ ವಿರೋಧದ ನಡುವೆ 2022ರಲ್ಲಿ ಅದನ್ನು ನಿಲ್ಲಿಸಿ ಬೇರೆ ನೋಂದಣಿ ವ್ಯವಸ್ಥೆ ತಂದರು.

ಕುವೈತ್ ಹಿಂದಕ್ಕೆ ಹೆಜ್ಜೆ ಇಟ್ಟಿತು. 2025ರ ಜುಲೈ 1ರಿಂದ ಅಲ್ಲಿನ ಖಾಸಗಿ ಕಂಪನಿ ಕೆಲಸಗಾರರು ದೇಶ ಬಿಡಲು ಮಾಲೀಕ ಒಪ್ಪಿದ ಎಕ್ಸಿಟ್ ಪರ್ಮಿಟ್ ತೋರಿಸಬೇಕು.

ಹಾಗಾದರೆ ನ್ಯಾಯವಾದ ನೀತಿ ಅಂದರೆ ಏನಿರಬೇಕು?

ಇಕಾಮಾ ಕೆಲಸಗಾರನ ಹೆಸರಿನಲ್ಲಿ, ಅವನೇ ನವೀಕರಿಸುವ ಹಾಗಿರಬೇಕು. ಮಾಲೀಕ ತಪ್ಪಿದರೆ ದಂಡ ಮಾಲೀಕನ ಖಾತೆಯಿಂದ ಹೋಗಬೇಕು. ಕೆಲಸ ಹೋದರೆ ಇನ್ನೊಂದು ಹುಡುಕಲು ಕಾಲಾವಕಾಶ ಬೇಕು. ಕಾಗದ ಇರಲಿ ಬಿಡಲಿ, ಸಂಬಳದ ದೂರು ಕೊಡಲು ಬಂದವನನ್ನು ಅಲ್ಲೇ ಬಂಧಿಸಬಾರದು. ಇದೊಂದು ಮಾಡಿದರೂ ಅರ್ಧ ಮಾಲೀಕರು ಸರಿಹೋಗುತ್ತಾರೆ. ಕಾಗದ ಇಲ್ಲದವನನ್ನು ಇಟ್ಟುಕೊಂಡರೆ ಲಾಭ ಅನ್ನುವ ಲೆಕ್ಕವೇ ಆಗ ತಪ್ಪುತ್ತದೆ.

ವಲಸೆ ಕಾರ್ಮಿಕರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ 1990ರ ಒಪ್ಪಂದ ಇದೆ. ಕಾಗದ ಇಲ್ಲದವರಿಗೂ ಕೂಲಿಯ ಹಕ್ಕು ಅಂತ ಅದು ಹೇಳುತ್ತದೆ. ಗಲ್ಫ್‌ನ ಯಾವ ದೇಶವೂ ಅದನ್ನು ಒಪ್ಪಿಲ್ಲ. ಭಾರತವೂ ಒಪ್ಪಿಲ್ಲ.

ಭಾರತ, ಕರ್ನಾಟಕ ಏನು ಮಾಡಬೇಕು?

ನಾವು ಇನ್ನೂ ನೆಚ್ಚಿಕೊಂಡಿರುವುದು 1983ರ ವಲಸೆ ಕಾಯ್ದೆಯನ್ನು. 2021ರಲ್ಲಿ ಒಂದು ಕರಡು ಬಂತು, 2025ರಲ್ಲಿ ಇನ್ನೊಂದು. ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳಬಾರದು ಅನ್ನುವ ನಿಯಮ ಈಗಲೂ ಇದೆ. ಲಕ್ಷಗಟ್ಟಲೆ ಕೊಟ್ಟವರನ್ನು 'ರಸೀದಿ ಇದೆಯಾ?' ಅಂತ ಕೇಳಿ ನೋಡಿ, ನಕ್ಕುಬಿಡುತ್ತಾರೆ.

ಕೇರಳ 1996ರಲ್ಲೇ ಅನಿವಾಸಿಗಳಿಗಾಗಿ ನೋರ್ಕಾ ಅಂತ ಪ್ರತ್ಯೇಕ ಇಲಾಖೆ ಮಾಡಿತು. ನಮ್ಮಲ್ಲಿ ಅನಿವಾಸಿ ಭಾರತೀಯ ಸಮಿತಿ ಇದೆ. ಆದರೆ ಅನಿವಾಸಿ ಅಂದ ಕೂಡಲೇ ನಮ್ಮವರಿಗೆ ಹೂಡಿಕೆ ಮಾಡುವ ಕೋಟ್ಯಧಿಪತಿ ನೆನಪಾಗುತ್ತಾನೆ, ಸೌದಿಯ ಜುಬೈಲಿನ ವೆಲ್ಡರ್ ಅಲ್ಲ. ಇಸಿಆರ್ ಅನುಮತಿಯ ಕಚೇರಿ ಇರುವುದು ಬೆಂಗಳೂರಿನಲ್ಲಿ, ಕುಂದಾಪುರದವರಿಗೆ ಒಂದು ರಾತ್ರಿ ಬಸ್ಸಿನ ದಾರಿ. ಮಂಗಳೂರು ಮತ್ತು ಕಲಬುರಗಿಯಲ್ಲಿ ವೀಸಾ ಓದಿ ಹೇಳುವ ಒಂದೊಂದು ಸಹಾಯ ಕೇಂದ್ರ ಇದ್ದರೂ ಸಾಕಿತ್ತು.

ಬೇರೆ ದೇಶದ ಕಾನೂನು ಮುರಿದವರ ಪರ ನಾವ್ಯಾಕೆ ಮಾತಾಡಬೇಕು?

ಮುರಿದವರು ಯಾರು ಅಂತ ಮೊದಲು ನೋಡೋಣ. ಸಂಬಳ ಕೊಡದಿದ್ದದ್ದು, ಇಕಾಮಾ ಮಾಡಿಸದಿದ್ದದ್ದು, ಪಾಸ್‌ಪೋರ್ಟು ಕಸಿದದ್ದು, ಇವೂ ಕಾನೂನು ಮುರಿದ ಹಾಗೇ ಅಲ್ವಾ? ಜೈಲಿಗೆ ಹೋಗುವವನು ಮಾತ್ರ ಒಬ್ಬನೇ.

ಬೆಂಗಳೂರಿನಲ್ಲಿ ಕಾಗದ ಇಲ್ಲದೆ ದುಡಿಯುವ ವಿದೇಶಿಯರಿಗೂ ಇದೇ ಮಾತು ಹೇಳ್ತೀರಾ?

ಹೇಳುತ್ತೇನೆ. ವಾಪಸ್ ಕಳಿಸಬೇಕೋ ಬೇಡವೋ ಕಾನೂನು ನಿರ್ಧರಿಸಲಿ. ಮಾಡಿಸಿಕೊಂಡ ಕೆಲಸಕ್ಕೆ ಕೂಲಿ ಕೊಡಲೇಬೇಕು.

ನನ್ನ ತಮ್ಮ ಮುಂದಿನ ತಿಂಗಳು ಹೊರಡುತ್ತಿದ್ದಾನೆ. ಏನು ನೋಡಬೇಕು?

ಏಜೆಂಟನ ನೋಂದಣಿ ನಂಬರನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಹಾಕಿ ನೋಡಿ. ಸಿಗದಿದ್ದರೆ ಅಲ್ಲಿಗೇ ಬಿಡಿ, ಅವನು ಎಷ್ಟೇ ಪರಿಚಯದವನಾಗಿರಲಿ. ವೀಸಾದಲ್ಲಿ ಬರೆದ ಉದ್ಯೋಗ ಏನು ಅಂತ ಅರಬ್ಬಿ ಬಲ್ಲವರ ಹತ್ತಿರ ಓದಿಸಿ. ಮಸೀದಿಯ ಮೌಲವಿಗಳು, ಗಲ್ಫ್‌ನಿಂದ ಮರಳಿದ ಹಿರಿಯರು ಖುಷಿಯಿಂದ ಓದಿಕೊಡುತ್ತಾರೆ. ವಿಸಿಟ್ ವೀಸಾದಲ್ಲಿ ಹೋಗಿ ಆಮೇಲೆ ಬದಲಿಸೋಣ ಅಂದರೆ ಒಪ್ಪಬೇಡಿ. ಪ್ರವಾಸಿ ಭಾರತೀಯ ಬೀಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ ಕಂತು 275 ರೂಪಾಯಿ ಮತ್ತು ತೆರಿಗೆ, ಅಪಘಾತದಲ್ಲಿ ಸಾವಾದರೆ 10 ಲಕ್ಷ ಸಿಗುತ್ತದೆ. ಅದನ್ನು ಮಾಡಿಸಿ. ಪಾಸ್‌ಪೋರ್ಟು, ವೀಸಾ, ಕರಾರು, ಈ ಮೂರರ ಫೋಟೋ ನಿಮ್ಮ ಫೋನಿನಲ್ಲೂ ಮನೆಯ ಇನ್ನೊಬ್ಬರ ಫೋನಿನಲ್ಲೂ ಇರಲಿ. ಅಲ್ಲಿಗೆ ಹೋಗಿ ಇಕಾಮಾ ಕೈಗೆ ಬಂದ ದಿನವೇ ಅದರ ಎರಡೂ ಬದಿಯ ಫೋಟೋ ಕಳಿಸಲು ತಮ್ಮನಿಗೆ ಹೇಳಿ. ಮುಗಿಯುವ ತಾರೀಕನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದಕ್ಕೆ ಎರಡು ತಿಂಗಳು ಮೊದಲೇ ಫೋನು ಮಾಡಿ ನೆನಪಿಸಿ.